ಜಿ, ಎಫ್, ಮತ್ತೆ ಏನೂ ಇಲ್ಲದ್ದು: ಮೊದಲ ಡೆಸ್ಕ್‌ಟಾಪ್‌ಗೆ ಮೂರು ಸಿಸ್ಟಮ್‌ಗಳ ಹೋಲಿಕೆ

ಮೊದಲ ಸಲ ಸಿಸ್ಟಮ್ ಅಸೆಂಬಲ್ ಮಾಡಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ‘ಇಂಟೆಲ್ಲಾ, ಎಎಂಡಿನಾ?’ ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು, ಮಾನಿಟರ್ ಮೇಲಿನ ಚಿತ್ರ ಎಲ್ಲಿಂದ ಬರಬೇಕು ಅಂತ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕೋ, ಬೇರೆ ಕಾರ್ಡ್ ಬೇಕೋ? ಇದು ತೀರ್ಮಾನವಾದರೆ ರ‍್ಯಾಮ್ ಹೇಗಿರಬೇಕು, ಎಸ್‌ಎಂಪಿಎಸ್ (ಎಲ್ಲಕ್ಕೂ ವಿದ್ಯುತ್ ಕೊಡುವ ಡಬ್ಬಿ) ಎಷ್ಟರದ್ದು, ಎಲ್ಲ ಭಾಗ ಕೂರುವ ಮದರ್‌ಬೋರ್ಡ್‌ಗೆ ಎಷ್ಟು ಸುರಿಯಬೇಕು ಎಲ್ಲ ತಾವಾಗಿ ಗೊತ್ತಾಗುತ್ತವೆ.

ನಮ್ಮ ಮನೆತನದಲ್ಲಿ ಕಂಪ್ಯೂಟರ್ ಅಂದರೆ ನನ್ನ ತಲೆಗೇ ಬರುತ್ತದೆ. ತಿಪಟೂರಿನಲ್ಲಿ ಭಾವನದು ಫೋಟೊ ಸ್ಟುಡಿಯೊ. ಮದುವೆ ಆಲ್ಬಮ್, ವಿಡಿಯೊ, ಜೊತೆಗೆ ಲಗ್ನಪತ್ರಿಕೆ, ಕರಪತ್ರದ ಡಿಟಿಪಿ. ಅಲ್ಲಿದ್ದ ಹಳೆಯ ಸಿಸ್ಟಮ್‌ಗೆ ವಿಂಡೋಸ್ 11 ಹತ್ತುತ್ತಿರಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅಕ್ಕನ ಮಗನಿಗೆ ಕಾಲೇಜಿನ ಕೆಲಸಕ್ಕೆ ಒಂದು ಬೇಕಿತ್ತು. ಆಟಕ್ಕೂ ಬೇಕು ಅಂತ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ತುಮಕೂರಿನಲ್ಲಿ ನನ್ನದೂ ಹಳತಾಗಿತ್ತು. ಹೀಗೆ ಮೂರು ಸಿಸ್ಟಮ್‌ಗಳು ಒಂದೇ ಕಾಲಕ್ಕೆ ನನ್ನ ಮೇಜಿನ ಮೇಲೆ ಕೂತವು.

ಮೊದಲನೆಯದು ಎಎಂಡಿಯ ರೈಜನ್ 5 5600ಜಿ, ಎ520 ಬೋರ್ಡ್ ಮೇಲೆ. ಎರಡನೆಯದು ಇಂಟೆಲ್‌ನ ಕೋರ್ ಐ3-12100, ಎಚ್610 ಬೋರ್ಡ್. ಮೂರನೆಯದು ಕೋರ್ ಐ5-12400ಎಫ್, ಬಿ660 ಬೋರ್ಡ್, ಜೊತೆಗೆ ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಹೆಸರಿನ ಕೊನೆಯ ಅಕ್ಷರ ಗಮನಿಸಿ. 5600ಜಿಯಲ್ಲಿ ಒಳಗಿನ ಗ್ರಾಫಿಕ್ಸ್ ಗಟ್ಟಿಯಾಗಿದೆ. 12100ಕ್ಕೆ ಅಕ್ಷರವೇ ಇಲ್ಲ, ಒಳಗಿನ ಗ್ರಾಫಿಕ್ಸ್ ಇದೆ, ಆದರೆ ಸಾಧಾರಣದ್ದು. 12400ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಕಾರ್ಡ್ ಹಾಕದಿದ್ದರೆ ಮಾನಿಟರ್ ಕಪ್ಪು. ಮೂರೂ ಬೋರ್ಡ್‌ಗಳು ಡಿಡಿಆರ್4 ಎಂಬ ಹಿಂದಿನ ತಲೆಮಾರಿನ ರ‍್ಯಾಮ್‌ನವು. ಹಾಗಾಗಿ ಅದೇ ರ‍್ಯಾಮ್, ಅದೇ ಎಸ್‌ಎಸ್‌ಡಿ, ಅದೇ ಎಸ್‌ಎಂಪಿಎಸ್ ತೆಗೆದು ಒಂದರಿಂದ ಒಂದಕ್ಕೆ ಹಾಕಿ ನೋಡಲು ಅನುಕೂಲವಾಯಿತು.

ದಿನದ ಕೆಲಸದಲ್ಲಿ

ಬ್ರೌಸರ್, ಎಕ್ಸೆಲ್, ಟ್ಯಾಲಿ, ನುಡಿ, ಈಗಲೂ ಡಿಟಿಪಿಯವರ ಕೈಬಿಡದ 2001ರ ಪೇಜ್‌ಮೇಕರ್ 7. ಇವಕ್ಕೆ ಮೂರರಲ್ಲಿ ಯಾವುದಾದರೂ ಒಂದೇ. ಕಣ್ಣು ಕಟ್ಟಿ ಕೂರಿಸಿದರೆ ಯಾವುದು ಯಾವುದೆಂದು ನನಗೂ ಹೇಳಲಾಗದು. ಇಷ್ಟಕ್ಕೇ ಸಿಸ್ಟಮ್ ಬೇಕೆನ್ನುವವರು ಇಲ್ಲಿಗೇ ಓದು ನಿಲ್ಲಿಸಿ ಐ3 ತೆಗೆದುಕೊಳ್ಳಬಹುದು.

ಫೋಟೊಶಾಪ್‌ಗೆ ಬಂದರೆ ಸಣ್ಣ ಅಚ್ಚರಿ. ಕೋರ್ ಅಂದರೆ ಪ್ರೊಸೆಸರ್ ಒಳಗಿನ ಕೆಲಸಗಾರ, ಥ್ರೆಡ್ ಅಂದರೆ ಒಟ್ಟಿಗೆ ಹಿಡಿಯಬಲ್ಲ ಕೆಲಸದ ಸಾಲು. 12100ಕ್ಕೆ ನಾಲ್ಕೇ ಕೋರ್, ಎಂಟು ಥ್ರೆಡ್. 5600ಜಿಗೆ ಆರು ಕೋರ್, ಹನ್ನೆರಡು ಥ್ರೆಡ್. ಅಂಗಡಿಯವರೂ ‘ಆರು ಕೋರ್ ಇರೋದನ್ನೇ ತಗೊಳ್ಳಿ ಸರ್’ ಅನ್ನುತ್ತಾರೆ. ಆದರೆ ಆಲ್ಬಮ್ ಪುಟದ ದೊಡ್ಡ ಪಿಎಸ್‌ಡಿ ತೆರೆಯುವಾಗ, ಲೇಯರ್ ಎಳೆದಾಡುವಾಗ, ಬ್ರಷ್ ಹಿಡಿದು ಚರ್ಮದ ಕಲೆ ತಿದ್ದುವಾಗ ಐ3ಯೇ ಒಂದು ಕೂದಲೆಳೆ ಚುರುಕು. ಇಂಥ ಕೆಲಸವೆಲ್ಲ ಬಹುಪಾಲು ಒಂದೇ ಕೋರ್‌ನ ವೇಗದ ಮೇಲೆ ನಿಂತಿರುತ್ತದೆ. ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಆರ್23 ಓಡಿಸಿದರೆ ಒಂದೇ ಕೋರ್‌ನ ಅಂಕ ಐ3ಗೆ 1,650ರ ಸುತ್ತ, 5600ಜಿಗೆ 1,450ರ ಸುತ್ತ. ಎಲ್ಲ ಕೋರ್ ಸೇರಿದಾಗ ಲೆಕ್ಕ ತಿರುಗುತ್ತದೆ: ಐ3 ಎಂಟು ಸಾವಿರ ದಾಟಿ ನಿಲ್ಲುತ್ತದೆ, 5600ಜಿ ಹತ್ತು ಸಾವಿರ ದಾಟುತ್ತದೆ. ಮದುವೆಯ ನೂರಾರು ರಾ ಫೈಲ್‌ಗಳನ್ನು (ಕ್ಯಾಮೆರಾದ ಕಚ್ಚಾ ಫೋಟೊಗಳನ್ನು) ಒಟ್ಟಿಗೆ ಜೆಪೆಗ್ ಮಾಡಲು ಬಿಟ್ಟರೆ 5600ಜಿ ಬೇಗ ಮುಗಿಸುತ್ತದೆ. ಆದರೆ ಆ ಹೊತ್ತಿಗೆ ಭಾವ ಹೇಗೂ ಕಾಫಿಗೆ ಹೋಗಿರುತ್ತಾರೆ. ಎದುರು ಕೂತು ಕಾಯಬೇಕಾದ ಕೆಲಸ ಯಾವುದು, ಬಿಟ್ಟು ಹೋಗುವ ಕೆಲಸ ಯಾವುದು ಅನ್ನುವುದನ್ನು ಯಾವ ಬೆಂಚ್‌ಮಾರ್ಕೂ ಹೇಳುವುದಿಲ್ಲ.

12400ಎಫ್ ಎರಡರಲ್ಲೂ ಮುಂದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಆಟ, ಮತ್ತು ಎರಡು ಸ್ಟಿಕ್‌ನ ಲೆಕ್ಕ

5600ಜಿ ಇರುವುದೇ ಇದಕ್ಕೆ. ಕಾರ್ಡ್ ಇಲ್ಲದೆ 1080ಪಿಯಲ್ಲಿ ಜಿಟಿಎ 5 ಸಾಧಾರಣ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಅರವತ್ತು ಫ್ರೇಮ್‌ನ (ಚಿತ್ರದ) ಆಸುಪಾಸು ಓಡಿತು. ವ್ಯಾಲರೆಂಟ್ ಅದಕ್ಕಿಂತ ಎಷ್ಟೋ ಹಗುರ. ಐ3ಯ ಒಳಗಿನ ಯುಎಚ್‌ಡಿ 730ಗೆ ಅದೇ ಜಿಟಿಎ ಕೊಟ್ಟರೆ ಎಲ್ಲವನ್ನೂ ಕನಿಷ್ಠಕ್ಕೆ ಇಳಿಸಿದರೂ ಮೂವತ್ತರ ಸುತ್ತ ತಡವರಿಸಿತು. ಇಬ್ಬರಲ್ಲಿ ಯಾರಿಗೂ ಹೊಸ ದೊಡ್ಡ ಆಟಗಳು ಆಗುವುದಿಲ್ಲ. ಅವೆಲ್ಲ ಆರ್‌ಎಕ್ಸ್ 6600ರ ಪಾಲು. 1080ಪಿ ಮಾನಿಟರ್‌ಗೆ ಅದರ 8 ಜಿಬಿ ಮೆಮೊರಿ ಇವತ್ತಿಗೂ ತಕ್ಕಮಟ್ಟಿಗೆ ಸಾಕು. ಆದರೆ ಆ ಕಾರ್ಡ್ ಒಂದರ ಬೆಲೆಗೆ 5600ಜಿ ಪ್ರೊಸೆಸರ್ರೂ ಅದರ ಬೋರ್ಡೂ ಬಂದು ಚಿಲ್ಲರೆ ಉಳಿಯುತ್ತಿತ್ತು. ಆಟವಾಡುವ ಮಗ ಇರುವ ಮನೆಯ ಬಜೆಟ್ ಎಲ್ಲಿ ಹಾಳಾಗುತ್ತದೆ ಅಂತ ಇದರಿಂದಲೇ ತಿಳಿಯಿರಿ.

ಈಗ ರ‍್ಯಾಮ್ ವಿಷಯ. ಮೊದಲ ಸಲ ಕೊಳ್ಳುವವರಿಗೆ ಅಂಗಡಿಯಲ್ಲಿ ಸಿಗುವ ಸಲಹೆ: ‘ಈಗ ಒಂದು 16 ಜಿಬಿ ಸ್ಟಿಕ್ ಹಾಕಿ, ಆಮೇಲೆ ಇನ್ನೊಂದು ಹಾಕ್ಕೊಳ್ಳಿ.’ ಐ3ಯಂಥ ಆಫೀಸ್ ಸಿಸ್ಟಮ್‌ಗೆ ಈ ಮಾತು ನಡೆಯುತ್ತದೆ. 5600ಜಿಗೆ ಹೇಳಿದರೆ ತಪ್ಪು. ಯಾಕೆಂದರೆ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ರ‍್ಯಾಮನ್ನೇ ಹಂಚಿಕೊಂಡು ತಿನ್ನುತ್ತದೆ. 3200 ವೇಗದ ಒಂದು ಡಿಡಿಆರ್4 ಸ್ಟಿಕ್‌ನಿಂದ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿಯುತ್ತದೆ. ಎರಡು ಸ್ಟಿಕ್ ಎರಡು ಚಾನೆಲ್‌ಗೆ ಹಾಕಿದರೆ 51.2. ಅಕ್ಕನ ಮಗನಿಗೆ ಹೋದ 5600ಜಿ ಸಿಸ್ಟಮ್‌ನಿಂದ ಒಂದು ಸ್ಟಿಕ್ ಕಿತ್ತು ಅವನನ್ನೇ ಆಡಲು ಕೂರಿಸಿದೆ. ವಿಷಯ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ‘ಮಾವ, ಇದ್ಯಾಕೆ ಹಿಂಗೆ ತುಂಡ್ ತುಂಡಾಗಿ ಬರ್ತಿದೆ?’ ಅಂದ. ಅರವತ್ತರಲ್ಲಿದ್ದ ಫ್ರೇಮ್ ನಲವತ್ತಕ್ಕೆ ಬಂದಿತ್ತು. ಅದೇ ಪರೀಕ್ಷೆ 12400ಎಫ್‌ನಲ್ಲಿ ಮಾಡಿದರೆ ಫ್ರೇಮ್ ಇಳಿಯಿತು ನಿಜ, ಆದರೆ ಇಷ್ಟು ಬೀಳಲಿಲ್ಲ. ಅಲ್ಲಿ ಕಾರ್ಡ್‌ಗೆ ತನ್ನದೇ ಮೆಮೊರಿ ಇದೆ.

ಅಗ್ಗದ ಎ520, ಎಚ್610 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬಿದ್ದು ಎರಡು ಸ್ಟಿಕ್ ಕೊಂಡದ್ದೂ ವ್ಯರ್ಥ. ಆಮೇಲೆ ಬಯಾಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟಕ್ಕೆ) ಹೋಗಿ, ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ಎಷ್ಟೋ ಸ್ಟಿಕ್‌ಗಳು ಡಬ್ಬಿಯ ಮೇಲೆ 3200 ಅಂತ ಬರೆದಿದ್ದರೂ ಮಾಡುವವರೆಗೆ 2400ಕ್ಕೋ 2666ಕ್ಕೋ ಓಡುತ್ತಿರುತ್ತವೆ. ಅಂಗಡಿಯಲ್ಲಿ ಅಸೆಂಬಲ್ ಆಗಿ ಬಂದ ಸಿಸ್ಟಮ್‌ಗಳಲ್ಲಿ ಇದು ಆನ್ ಆಗಿರುವುದನ್ನು ನಾನು ನೋಡಿದ್ದೇ ಅಪರೂಪ.

ವಿಡಿಯೊ: ಇಲ್ಲಿ ಐ3 ಗೆಲ್ಲುತ್ತದೆ

ಭಾವನಿಗೆ ಕೊನೆಗೆ ಐ3ಯನ್ನೇ ಕೊಟ್ಟಿದ್ದಕ್ಕೆ ಕಾರಣ ಇದು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಎನ್ನುವ ಮಾದರಿಯಲ್ಲಿ ವಿಡಿಯೊ ಬರೆಯುತ್ತವೆ. ಬಣ್ಣ ತಿದ್ದಲು ಒಳ್ಳೆಯದು, ಆದರೆ ಬಿಡಿಸಲು ಪ್ರೊಸೆಸರ್‌ಗೆ ಪ್ರಾಣಸಂಕಟ. ಐ3ಯ ಒಳಗಿನ ಸಾಧಾರಣ ಗ್ರಾಫಿಕ್ಸ್‌ನಲ್ಲಿ ಇಂಟೆಲ್‌ನ ಕ್ವಿಕ್ ಸಿಂಕ್ ಇದೆ. ಅದು ಈ ಮಾದರಿಯನ್ನು ಹಾರ್ಡ್‌ವೇರ್‌ನಲ್ಲೇ, ಅಂದರೆ ಅದಕ್ಕೆಂದೇ ಇರುವ ಸರ್ಕ್ಯೂಟ್‌ನಲ್ಲಿ, ಬಿಡಿಸುತ್ತದೆ. ವಿಡಿಯೊ ಎಡಿಟ್ ಮಾಡುವ ಪ್ರೀಮಿಯರ್‌ನಲ್ಲಿ ಮುಹೂರ್ತದ ಕ್ಲಿಪ್ ಹಾಕಿ ಟೈಮ್‌ಲೈನ್ ಮೇಲೆ ಮೌಸ್ ಎಳೆದರೆ ಚಿತ್ರ ಜೊತೆಗೇ ಓಡಿತು. 5600ಜಿಯಲ್ಲಿ ಅದೇ ಕ್ಲಿಪ್ ತಡೆದು ತಡೆದು ಬಂತು, ಆರೂ ಕೋರ್ ಮೇಲಕ್ಕೆ ಹೋಗಿ ಕೂತವು. ನನ್ನ 12400ಎಫ್‌ನಲ್ಲಿ, ಅಷ್ಟು ದುಡ್ಡಿನ ಕಾರ್ಡ್ ಇದ್ದೂ, 4:2:2ರಲ್ಲಿ ತಡವರಿಕೆ ಇತ್ತು. ಆರ್‌ಎಕ್ಸ್ 6600 ಆ ಮಾದರಿಯನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ. ಎನ್‌ವಿಡಿಯಾದ ಜನಪ್ರಿಯ ಕಾರ್ಡ್‌ಗಳಿಗೂ ಈ ಅನುಕೂಲ ಬಂದದ್ದು 2025ರ 50 ಸರಣಿಯಲ್ಲಿ.

ಎಫ್ ಅಕ್ಷರದ ಪ್ರೊಸೆಸರ್ ಸಾವಿರವೋ ಎರಡು ಸಾವಿರವೋ ಅಗ್ಗ. ಆ ಉಳಿತಾಯಕ್ಕೆ ಬಿಟ್ಟುಕೊಡುವುದು ಈ ಕ್ವಿಕ್ ಸಿಂಕನ್ನು. ಇನ್ನೊಂದೂ ಇದೆ. ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದರೆ ಎಫ್ ಸಿಸ್ಟಮ್ ವಾರಗಟ್ಟಲೆ ಮೂಲೆ ಸೇರುತ್ತದೆ. ಎಫ್ ಇಲ್ಲದ 12400 ಆಗಿದ್ದರೆ ಬೋರ್ಡ್‌ನ ಎಚ್‌ಡಿಎಂಐಗೆ ಕೇಬಲ್ ಚುಚ್ಚಿ ಅಷ್ಟು ದಿನ ಕೆಲಸ ನಡೆಸಬಹುದು. ವಿಡಿಯೊ ಎಡಿಟಿಂಗ್ ಮಾಡುವವರು, ಮನೆಯಲ್ಲಿ ಇರುವುದೊಂದೇ ಸಿಸ್ಟಮ್ ಅನ್ನುವವರು ಎಫ್ ಕಡೆ ನೋಡಲೇಬೇಡಿ ಅನ್ನುತ್ತೇನೆ. ಬರೀ ಆಟಕ್ಕಾದರೆ ತೊಂದರೆ ಇಲ್ಲ.

ಸಣ್ಣದೊಂದು: ಯುಟ್ಯೂಬ್ ಈಗ ಎವಿ1 ಮಾದರಿಯಲ್ಲಿ ಬಹಳಷ್ಟು ವಿಡಿಯೊ ಕೊಡುತ್ತದೆ. ಐ3 ಮತ್ತು ಆರ್‌ಎಕ್ಸ್ 6600 ಅದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ, 5600ಜಿ ಬಿಡಿಸುವುದಿಲ್ಲ. ಆರು ಕೋರ್ ಇರುವುದರಿಂದ ನೋಡುವಾಗ ಅಡ್ಡಿ ಅನಿಸದು, ಫ್ಯಾನ್ ಮಾತ್ರ ಸ್ವಲ್ಪ ಎದ್ದು ಕೇಳುತ್ತದೆ.

ಕೈಯಲ್ಲಿ ಜೋಡಿಸುವಾಗ

ನೀವೇ ಕೂತು ಜೋಡಿಸುವುದಾದರೆ ಎರಡು ಕಂಪನಿಗಳ ಸ್ವಭಾವವೇ ಬೇರೆ. 5600ಜಿಯ ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಎಎಂ4. ಪಿನ್ನುಗಳು ಪ್ರೊಸೆಸರ್‌ನ ಹೊಟ್ಟೆಯ ಕೆಳಗಿರುತ್ತವೆ, ಸಾವಿರಕ್ಕೂ ಹೆಚ್ಚು. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಕೂಡಿಸಿ ಇಟ್ಟರೆ ತಾನೇ ಕೆಳಗಿಳಿದು ಕೂರಬೇಕು, ಒತ್ತುವಂತಿಲ್ಲ. ಕೂಲರ್‌ಗೆ ನಾಲ್ಕು ಸ್ಕ್ರೂ. ಬೋರ್ಡ್ ಮೇಲಿನ ಪ್ಲಾಸ್ಟಿಕ್ ಬ್ರಾಕೆಟ್ ಮೊದಲು ಬಿಚ್ಚಬೇಕು, ಬಿಚ್ಚುವಾಗ ಹಿಂಭಾಗದ ಲೋಹದ ಪಟ್ಟಿ ಜಾರಿ ಬೀಳದಂತೆ ಇನ್ನೊಂದು ಕೈ ಬೇಕು. ಒಮ್ಮೆ ಕೂತರೆ ಭದ್ರ. ಮುಂದೆಂದಾದರೂ ಕೂಲರ್ ತೆಗೆಯುವ ಮೊದಲು ಸಿಸ್ಟಮ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಕೂಲರನ್ನು ತಿರುಚಿ ಬಿಡಿಸಬೇಕು. ನೇರ ಎಳೆದರೆ ನಡುವಿನ ಥರ್ಮಲ್ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ರೇ ಸಾಕೆಟ್‌ನಿಂದ ಕಿತ್ತು ಬರಬಹುದು.

ಇಂಟೆಲ್‌ನ ಎಲ್‌ಜಿಎ1700ನಲ್ಲಿ ಪಿನ್ನುಗಳು ಬೋರ್ಡ್‌ನಲ್ಲಿವೆ. ಪ್ರೊಸೆಸರ್ ಬೀಳಿಸಿದರೂ ಬದುಕೀತು, ಸಾಕೆಟ್ ಮೇಲೆ ಏನಾದರೂ ಬಿದ್ದರೆ ಬೋರ್ಡೇ ಹೋಯಿತು. ಲಿವರ್ ಒತ್ತುವಾಗ ಕರಕರ ಎಂದು ಎದೆ ಝಲ್ಲೆನಿಸುವ ಸದ್ದು ಬರುತ್ತದೆ, ಅದು ಮಾಮೂಲು. ಜೊತೆಗೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳು. ಎದುರುಬದುರಿನವನ್ನು ಜೋಡಿಯಾಗಿ ಒತ್ತಬೇಕು, ಪ್ರತಿಯೊಂದೂ ‘ಟಕ್’ ಅನ್ನಬೇಕು, ಆಮೇಲೆ ಬೋರ್ಡ್ ತಿರುವಿ ನಾಲ್ಕೂ ಕಡೆ ಕರಿ ಮೊನೆ ಸಮನಾಗಿ ಹೊರಬಂದಿದೆಯೇ ನೋಡಬೇಕು. ಒಂದು ಅರ್ಧ ಕೂತಿದ್ದರೂ ಸಿಸ್ಟಮ್ ಆನ್ ಆಗುತ್ತದೆ, ಆದರೆ ಕೆಲಸ ಕೊಟ್ಟ ಕೂಡಲೇ ಕೆಂಡ. ಈ ಗೂಟಗಳ ಬಗ್ಗೆ ನನಗೆ ಯಾವತ್ತೂ ನಂಬಿಕೆ ಬಂದಿಲ್ಲ. ಬೋರ್ಡನ್ನು ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಕೂಲರ್ ಕೂರಿಸಿಬಿಡುವುದು ಕ್ಷೇಮ, ಒಳಗೆ ಹೋದ ಮೇಲೆ ಹಿಂಭಾಗ ಕಾಣುವುದಿಲ್ಲ.

ಎ520, ಬಿ450, ಬಿ550 ಬೋರ್ಡ್ ಕೊಳ್ಳುವಾಗ ಡಬ್ಬಿಯ ಮೇಲೆ ‘ರೈಜನ್ 5000 ರೆಡಿ’ ಅನ್ನುವ ಸ್ಟಿಕ್ಕರ್ ಇದೆಯೇ ನೋಡಿ. ಗೋದಾಮಿನಲ್ಲಿ ಹಳೆಯ ಬಯಾಸ್ ಸಮೇತ ಕೂತಿದ್ದ ಬೋರ್ಡ್ ಆದರೆ 5600ಜಿಯನ್ನು ಗುರುತಿಸುವುದೇ ಇಲ್ಲ. ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ಮೊದಲ ಸಲ ಜೋಡಿಸುವವನು ತಾನೇ ಏನೋ ಸುಟ್ಟುಬಿಟ್ಟೆ ಅಂದುಕೊಳ್ಳುತ್ತಾನೆ.

ಎಸ್‌ಎಂಪಿಎಸ್: ಕ್ಯಾಬಿನೆಟ್ ಜೊತೆ ‘ಫ್ರೀ’ ಬಂದದ್ದು ಮತ್ತು ಕೊಂಡದ್ದು

ಭಾವನ ಕಡೆಯಿಂದ ದೊಡ್ಡ ತಕರಾರು ಬಂದದ್ದು ಇಲ್ಲಿ. ‘ಅಲ್ಲಯ್ಯ, ಕ್ಯಾಬಿನೆಟ್ ಜೊತೆಗೇ 450 ವ್ಯಾಟ್‌ದು ಕೊಟ್ಟವ್ರೆ, ಮತ್ತೆ ಯಾಕೆ ಮೂರೂವರೆ ಸಾವಿರ?’ ಇದಕ್ಕೆ ನಾನು ಬಾಯಲ್ಲಿ ಉತ್ತರ ಕೊಡಲಿಲ್ಲ. ಎರಡನ್ನೂ ಅವರ ಎರಡು ಕೈಗೆ ಕೊಟ್ಟೆ. ಫ್ರೀ ಬಂದದ್ದು ಖಾಲಿ ಡಬ್ಬಿಯಂತೆ ಹಗುರ. ಆಮೇಲೆ ಪಕ್ಕದ ಲೇಬಲ್ ಓದಿಸಿದೆ. ಕಂಪ್ಯೂಟರ್‌ನ ಪ್ರೊಸೆಸರ್‌ಗೂ ಕಾರ್ಡ್‌ಗೂ ಶಕ್ತಿ ಹೋಗುವುದು 12 ವೋಲ್ಟ್ ಸಾಲಿನಿಂದ. ಫ್ರೀಯದರ ಮೇಲೆ 12 ವೋಲ್ಟ್ ಎದುರಿಗೆ 16 ಆಂಪಿಯರ್ ಅಂತ ಬರೆದಿತ್ತು. ಗುಣಿಸಿದರೆ 192 ವ್ಯಾಟ್. ಮೇಲೆ ದಪ್ಪ ಅಕ್ಷರದಲ್ಲಿ 450. ಕೊಂಡ 450 ವ್ಯಾಟ್‌ನದರ ಮೇಲೆ 36 ಆಂಪಿಯರ್, ಅಂದರೆ 432 ವ್ಯಾಟ್. ಯಾವ ಎಸ್‌ಎಂಪಿಎಸ್ ಕೊಳ್ಳುವಾಗಲೂ ಈ ಒಂದು ಗುಣಾಕಾರ ಮಾಡಿ ನೋಡಿ, ಅಂಗಡಿಯಲ್ಲೇ ನಿಂತು. 80 ಪ್ಲಸ್ ಗುರುತು ಇದ್ದರೆ ಒಳ್ಳೆಯದೇ, ಆದರೆ ಅದು ಹೇಳುವುದು ಎಷ್ಟು ವಿದ್ಯುತ್ ಬಿಸಿಯಾಗಿ ವ್ಯರ್ಥವಾಗದೆ ಉಳಿಯುತ್ತದೆ ಎಂಬುದನ್ನು ಮಾತ್ರ, ಒಳಗಿನ ರಕ್ಷಣೆಯ ಗುಣಮಟ್ಟವನ್ನಲ್ಲ.

ನಿಜ ಹೇಳಬೇಕೆಂದರೆ ಐ3 ಸಿಸ್ಟಮ್‌ಗೆ 192 ವ್ಯಾಟ್ ಕೂಡ ಸಾಕೇಸಾಕು. ಗೋಡೆಯ ಪ್ಲಗ್‌ಗೆ ಮೀಟರ್ ಸಿಕ್ಕಿಸಿ ನೋಡಿದಾಗ ಸುಮ್ಮನಿರುವ ಐ3 ಎಳೆದದ್ದು ಇಪ್ಪತ್ತೈದು ವ್ಯಾಟ್ ಆಸುಪಾಸು, 5600ಜಿ ಮೂವತ್ತು. ಕಾರ್ಡ್ ಇರುವ ನನ್ನದೂ ಆಟದ ನಡುವೆ ಇನ್ನೂರರ ಸುತ್ತ. ಹಾಗಾದರೆ ಫ್ರೀಯದೇ ಯಾಕೆ ಬೇಡ?

ಕರೆಂಟು ಹೋಗುವ ಕ್ಷಣಕ್ಕಾಗಿ. ನಮ್ಮ ಕಡೆ ಸ್ಟುಡಿಯೊಗಳಲ್ಲಿ, ಮನೆಗಳಲ್ಲಿ ಕಂಪ್ಯೂಟರ್‌ಗೆ ಪ್ರತ್ಯೇಕ ಯುಪಿಎಸ್ ಇಡುವವರು ಕಡಿಮೆ, ಮನೆಯ ಇನ್ವರ್ಟರ್ ಮೇಲೆಯೇ ಓಡಿಸುತ್ತಾರೆ. ಕರೆಂಟು ಹೋಗಿ ಇನ್ವರ್ಟರ್ ಕೈಗೆತ್ತಿಕೊಳ್ಳುವ ನಡುವೆ ಕೆಲವು ಮಿಲಿಸೆಕೆಂಡು ಏನೂ ಇರುವುದಿಲ್ಲ. ಆ ಹೊತ್ತನ್ನು ದಾಟಿಸುವುದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್. ನಿಯಮದಂತೆ ಮಾಡಿದ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲೂ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ತಡೆಯಬೇಕು. ಇನ್ವರ್ಟರ್ ಹಿಂಭಾಗದಲ್ಲಿ ‘ಯುಪಿಎಸ್’ ಮೋಡ್‌ಗೆ ಒಂದು ಸ್ವಿಚ್ ಇರುತ್ತದೆ. ಅದರಲ್ಲಿ ಬದಲಾವಣೆ ಬೇಗ ಆಗುತ್ತದೆ. ಭಾವನ ಸ್ಟುಡಿಯೊದಲ್ಲೇ ಮೇನ್ ಸ್ವಿಚ್ ಆರಿಸಿ ಎರಡನ್ನೂ ನೋಡಿದೆವು. ಕೊಂಡದ್ದು ಹಾಕಿದಾಗ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿತು, ಫೋಟೊಶಾಪ್ ಹಾಗೆಯೇ ಇತ್ತು. ಫ್ರೀಯದು ಹಾಕಿದಾಗ ಸಿಸ್ಟಮ್ ರೀಸ್ಟಾರ್ಟ್. ಸೇವ್ ಮಾಡದ ಆಲ್ಬಮ್ ಪುಟ ಏನಾಗುತ್ತಿತ್ತು ಅಂತ ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ‘ಅದನ್ನ ವಾಪಸ್ ಕೊಟ್ಬಿಡು’ ಅಂದರು. ಫ್ರೀ ಬಂದದ್ದನ್ನು ಯಾರಿಗೆ ವಾಪಸ್ ಕೊಡುವುದು!

ಇದರ ಜೊತೆಗೇ ಅರ್ತಿಂಗ್. ಕ್ಯಾಬಿನೆಟ್‌ನ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ ಅನ್ನುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಜನ ಬದಲಿಸುತ್ತಾರೆ. ಬಹುಪಾಲು ಸಲ ಕೆಟ್ಟಿರುವುದು ಗೋಡೆಯ ಮೂರನೇ ತೂತು: ತಂತಿಯೇ ಇರುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ತನ್ನ ಸೋರಿಕೆಯನ್ನು ಭೂಮಿಗೆ ಇಳಿಸಬೇಕು. ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೆ ನಿಲ್ಲುತ್ತದೆ. ಹೊಸ ಸಿಸ್ಟಮ್ ತರುವ ಮೊದಲು ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆದು ಆ ಪಾಯಿಂಟ್ ತೋರಿಸಿ. ಪ್ರೊಸೆಸರ್ ಬಗ್ಗೆ ತಿಂಗಳು ಚರ್ಚೆ ಮಾಡುವವರು ಇದಕ್ಕೆ ಅರ್ಧ ಗಂಟೆ ಕೊಡುವುದಿಲ್ಲ.

ಎಸ್‌ಎಸ್‌ಡಿ, ಕ್ಯಾಬಿನೆಟ್

ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಓದುತ್ತದೆ, ಹೊಸ ಬಗೆಯ ಎನ್‌ವಿಎಂಇಯಲ್ಲಿ ಜೆನ್3 3,500ದವರೆಗೆ, ಜೆನ್4 ಏಳು ಸಾವಿರದವರೆಗೆ. ವಿಂಡೋಸ್ ಏಳುವುದರಲ್ಲಿ, ಫೋಟೊಶಾಪ್ ತೆರೆಯುವುದರಲ್ಲಿ ಮೂರಕ್ಕೂ ನನಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 5600ಜಿ ಹೇಗೂ ಪಿಸಿಐಇ 3ಕ್ಕೇ, ಅಂದರೆ ಜೆನ್3ಕ್ಕೇ ನಿಲ್ಲುತ್ತದೆ, ಅದಕ್ಕೆ ಜೆನ್4 ಕೊಂಡರೂ ಜೆನ್3 ವೇಗವೇ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಮದುವೆಯ ನೂರಾರು ಜಿಬಿ ವಿಡಿಯೊ ಒಟ್ಟಿಗೆ ಸುರಿದಾಗ ಕ್ಯೂಎಲ್‌ಸಿ ಎಂಬ ಅಗ್ಗದ ಮೆಮೊರಿಯ ಎಸ್‌ಎಸ್‌ಡಿ ಆರಂಭದಲ್ಲಿ ಓಡಿ, ಕ್ಯಾಶ್ ತುಂಬಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್‌ನ ಮಟ್ಟಕ್ಕೆ ಇಳಿಯಿತು. ಟಿಎಲ್‌ಸಿ ಮೆಮೊರಿಯದು ಅಷ್ಟು ಸೊರಗಲಿಲ್ಲ. ಡಬ್ಬಿ ಮೇಲಿನ ವೇಗಕ್ಕಿಂತ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅನ್ನುವುದನ್ನು ಹುಡುಕಿ ಕೊಳ್ಳಿ.

ಕ್ಯಾಬಿನೆಟ್‌ನಲ್ಲಿ ಮುಂಭಾಗ ಗಾಜಿನದಕ್ಕಿಂತ ಜಾಲರಿಯದು ತಂಪು. ಅಕ್ಕನ ಮಗ ಗಾಜಿನದೇ ಬೇಕೆಂದು ಹಟ ಹಿಡಿದ, ಲೈಟು ಕಾಣಬೇಕಲ್ಲ. ನನ್ನ ಜಾಲರಿಯದಕ್ಕೆ ಹೋಲಿಸಿದರೆ ಅವನದು ಯಾವಾಗಲೂ ಎಂಟು ಹತ್ತು ಡಿಗ್ರಿ ಬಿಸಿ. ಪ್ರೊಸೆಸರ್ ಬೇರೆ ಬೇರೆ ಆದ್ದರಿಂದ ಇದನ್ನು ಪಕ್ಕಾ ಹೋಲಿಕೆ ಅನ್ನಲಾರೆ, ಆದರೆ ಮುಂದಿನ ಗಾಜು ಬಿಚ್ಚಿಟ್ಟರೆ ಅವನದೂ ಇಳಿಯುತ್ತದೆ. ಹಿಂದಿನ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಿಸುವುದು ಮರೆಯಬೇಡಿ. ಬೆಚ್ಚಗಿರುವ ಜಾಗ ಹಲ್ಲಿಗಳಿಗೆ ಚೆನ್ನಾಗಿ ಗೊತ್ತು.

ಎಸ್‌ಪಿ ರೋಡೋ, ಆನ್‌ಲೈನೋ

ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್. ಭಾವನ ಸಿಸ್ಟಮ್‌ನ ಭಾಗಗಳನ್ನು ಅಲ್ಲಿ ತಂದೆ, ನನ್ನದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸವೇನಿಲ್ಲ. ಒಂದೇ ಅಂಗಡಿಯಲ್ಲಿ ಎಲ್ಲ ಕೊಳ್ಳುತ್ತೇನೆ ಅಂದರೆ ರಸ್ತೆಯಲ್ಲಿ ಸ್ವಲ್ಪ ಇಳಿಸುತ್ತಾರೆ, ಬಿಡಿ ಬಿಡಿಯಾಗಿ ಕೊಳ್ಳುವುದಾದರೆ ಆನ್‌ಲೈನ್ ವಾಸಿ. ಎಸ್‌ಪಿ ರೋಡಿನ ದೊಡ್ಡ ಲಾಭ ಎಂದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಕೂಡಿಸಿ ಅಲ್ಲೇ ಚಿತ್ರ ಬರಿಸಿ ತೋರಿಸುತ್ತಾರೆ. ತುಮಕೂರಿಗೆ ತಂದ ಮೇಲೆ ‘ಬರ್ತಿಲ್ಲ’ ಅನ್ನುವ ಪಾಡಿಲ್ಲ.

ಹುಷಾರಾಗಿರಬೇಕಾದದ್ದು ಎರಡು ಕಡೆ. ‘ಬಿಲ್ ಬೇಕಾ, ಬೇಡ್ವಾ ಸರ್?’ ಅನ್ನುವ ಪ್ರಶ್ನೆ ಬಂದರೆ ಬೇಕು ಅನ್ನಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಗಿಟ್ಟದು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಎರಡನೆಯದು ಟ್ರೇ ಪ್ರೊಸೆಸರ್. ಡಬ್ಬಿ ಇಲ್ಲದೆ, ಕೂಲರ್ ಇಲ್ಲದೆ, ಸಾವಿರ ರೂಪಾಯಿ ಕಡಿಮೆಗೆ ಕೊಡುತ್ತಾರೆ. ಅದಕ್ಕೆ ಕಂಪನಿಯ ವಾರಂಟಿ ಸಿಗುವುದಿಲ್ಲ, ಅಂಗಡಿಯವರ ಮಾತೇ ವಾರಂಟಿ. ಕೂಲರ್ ಬೇರೆ ಕೊಂಡಾಗ ಆ ಸಾವಿರವೂ ಹೋಗುತ್ತದೆ.

ಇಂದು ಕೊಳ್ಳುವವರಿಗೆ

ಈ ಮೂರೂ ಹಳೆಯ ಸಾಕೆಟ್‌ಗಳವು. ಎಎಂ4 ತನ್ನ ಕೊನೆಗೆ ಬಂದಿದೆ. ಎಲ್‌ಜಿಎ1700 14ನೇ ತಲೆಮಾರಿಗೆ ನಿಂತಿತು, 2024ರ ಅಕ್ಟೋಬರ್‌ನಿಂದ ಇಂಟೆಲ್ ಬೇರೆ ಸಾಕೆಟ್‌ಗೆ ಹೋಗಿದೆ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿಕೊಳ್ಳಬೇಕು ಅನ್ನುವವರಿಗೆ ಎಎಂಡಿಯ ಎಎಂ5 ಇದೆ, 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಅಂತ ಕಂಪನಿ ಹೇಳಿದೆ. ಗೆಳೆಯನೊಬ್ಬನಿಗೆ ಅದರಲ್ಲಿ ರೈಜನ್ 5 7600 ಜೋಡಿಸಿಕೊಟ್ಟೆ. ಯಂತ್ರ ಚೆನ್ನಾಗಿದೆ. ಮೊದಲ ಸಲ ಆನ್ ಮಾಡಿದಾಗ ಮಾತ್ರ ಹಲವು ನಿಮಿಷ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಎಎಂ5ಗೆ ಡಿಡಿಆರ್5 ಮಾತ್ರ ಹಿಡಿಯುತ್ತದೆ, ತೊಡಕಿರುವುದು ಅಲ್ಲಿ.

ನಾವು ಈ ಸಿಸ್ಟಮ್‌ಗಳನ್ನು ಕೊಂಡ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟು ದಾಟಿ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗುತ್ತಿದೆ. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಹೀಗಾಗಿ ಒಂದು ವರ್ಷದ ಹಿಂದೆ ‘ಕಣ್ಣು ಮುಚ್ಚಿ ಎಎಂ5 ತಗೋ’ ಅನ್ನುತ್ತಿದ್ದ ನಾನು ಈಗ ಹಾಗೆ ಹೇಳುವುದಿಲ್ಲ. ಮನೆಯಲ್ಲಿ, ಹಳೆಯ ಸಿಸ್ಟಮ್‌ನಲ್ಲಿ ಡಿಡಿಆರ್4 ಸ್ಟಿಕ್ ಇದ್ದರೆ ಅದೇ ಒಂದು ಆಸ್ತಿ, ಅದನ್ನು ಹಿಡಿಯುವ ಬೋರ್ಡ್ ಹುಡುಕಿ.

ಮಾರುಕಟ್ಟೆಯಲ್ಲಿ ಸೆಕೆಂಡ್‌ಹ್ಯಾಂಡ್ ಆಫೀಸ್ ಸಿಸ್ಟಮ್‌ಗಳೂ ಬೇಕಾದಷ್ಟಿವೆ. ಓದು, ಲೆಕ್ಕ, ಟೈಪಿಂಗ್‌ಗೆ ಒಳ್ಳೆಯ ಉಳಿತಾಯ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮೇಲಿನದೇ ಬೇಕು, ಅದಕ್ಕಿಂತ ಹಳತಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ಆಮೇಲೆ ಕಾರ್ಡ್ ಹಾಕಿ ಆಟ ಆಡಿಸುವ ಆಸೆ ಇದ್ದರೆ ಮಾತ್ರ ಬೇಡ. ಅವುಗಳಲ್ಲಿ ಎಷ್ಟೋ ಸಿಸ್ಟಮ್‌ಗಳ ಎಸ್‌ಎಂಪಿಎಸ್, ಬೋರ್ಡ್ ಎರಡೂ ಕಂಪನಿಯದೇ ಅಳತೆ, ಕಂಪನಿಯದೇ ಕನೆಕ್ಟರ್, ಹೊರಗಿನದು ಕೂರುವುದಿಲ್ಲ.

ಮಗ ಆಡುತ್ತಾನೆ, ಕಾರ್ಡ್‌ಗೆ ಈಗ ದುಡ್ಡಿಲ್ಲ ಅನ್ನುವ ಮನೆಗೆ 5600ಜಿ ಮತ್ತು 8 ಜಿಬಿಯ ಎರಡು ಸ್ಟಿಕ್. ಸ್ಟುಡಿಯೊಗೆ, ಅಂಗಡಿಗೆ ಐ3-12100. ವಿಡಿಯೊ ಹೆಚ್ಚಿದ್ದು ಕೈಯಲ್ಲಿ ಇನ್ನೊಂದಿಷ್ಟು ದುಡ್ಡಿದ್ದರೆ ಎಫ್ ಇಲ್ಲದ ಐ5-12400. ನನ್ನ 12400ಎಫ್ ಆಟಕ್ಕೆ ಮೂರರಲ್ಲೂ ಮುಂದು, ಆದರೂ ಭಾವ ತಮ್ಮ 4:2:2 ಕ್ಲಿಪ್ ತಂದಾಗಲೆಲ್ಲ ನಾವಿಬ್ಬರೂ ಹೋಗಿ ಕೂರುವುದು ಐ3 ಎದುರಿಗೇ.